ಗಾಂಧಿ ಬಜಾರಿನ ಆ ಶನಿವಾರ

ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾದ ಎರಡನೇ ವರ್ಷದಲ್ಲಿ ನಮ್ಮನ್ನು ಮೂರು ಮೂರು ಜನರಂತೆ ಬೇರೆ ಬೇರೆ ಆಸ್ಪತ್ರೆಗಳಿಗೆ ತರಬೇತಿಗೆ ಹಾಕುತ್ತಿದ್ದರು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಪಾಲಿಗೆ ಬಂದದ್ದು ಚಾಮರಾಜಪೇಟೆಯ ಒಂದು ಆಸ್ಪತ್ರೆ. ಜೊತೆಗೆ ನನ್ನದೇ ತರಗತಿಯ ಇಬ್ಬರು ಹುಡುಗಿಯರು. ಒಬ್ಬಳು ಶ್ರೀರಾಂಪುರದವಳು, ಬಟ್ಟೆ ಗಿರಣಿಯಲ್ಲಿ ದುಡಿಯುವವರ ಮಗಳು. ಇನ್ನೊಬ್ಬಳು ಮಾಗಡಿ ಕಡೆಯ ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದವಳು. ಅವಳನ್ನು ಎಲ್ಲರೂ ಮಾಗಡಿ ಎಂದೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ನಾನು ತ್ಯಾಗರಾಜನಗರದವಳು. ಒಂದು ವರ್ಷ ಒಂದೇ ಕೋಣೆಯಲ್ಲಿ ಕೂತು ಪಾಠ ಕೇಳಿದ್ದರೂ ನಾವು ಮೂವರೂ ಒಬ್ಬರನ್ನೊಬ್ಬರು ಸರಿಯಾಗಿ ಮಾತಾಡಿಸಿದವರಲ್ಲ.

ಬೆಳಿಗ್ಗೆ ಏಳಕ್ಕೆಲ್ಲ ಲ್ಯಾಬಿನಲ್ಲಿರಬೇಕಿತ್ತು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರು ಹೊರಗೆ ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಿದ್ದರು. ಅವರ ರಕ್ತ ತೆಗೆಯುವ ನಮ್ಮ ಹೊಟ್ಟೆಯೂ ಖಾಲಿಯೇ. ಹತ್ತೂವರೆಗೆ ಬಿಡುವು ಸಿಗುವ ಹೊತ್ತಿಗೆ ಸ್ಪಿರಿಟ್ಟು, ಕಾಯಿಸಿದ ಮೂತ್ರ, ಫಿನಾಯಿಲ್ ಎಲ್ಲ ಸೇರಿದ ವಾಸನೆ ಮೂಗಿನಲ್ಲಿ ಕೂತುಬಿಟ್ಟಿರುತ್ತಿತ್ತು. ಮೊದಲ ದಿನ ನಾನು ಕೈಯನ್ನು ನಾಲ್ಕು ಸಲ ಸೋಪು ಹಾಕಿ ತೊಳೆದೆ. ಇನ್ನು ಜನ್ಮದಲ್ಲಿ ಈ ಕೈಯಲ್ಲಿ ಊಟ ಮಾಡಲಾರೆ ಅನ್ನಿಸಿತು. ಮಾಗಡಿಯ ಮುಖವೂ ಹುಳ್ಳಗಾಗಿತ್ತು. ಶ್ರೀರಾಂಪುರದವಳು ಮಾತ್ರ ಬಿಳಿ ಕೋಟು ಬಿಚ್ಚಿ ಮೊಳೆಗೆ ನೇತುಹಾಕಿ, "ಬನ್ರೇ, ನಂಗೆ ಹೊಟ್ಟೆ ಹಸಿದು ಕಣ್ಣು ಕತ್ಲೆ ಬರ್ತಿದೆ" ಎಂದಳು.

ರಸ್ತೆಯ ತಿರುವಿನಲ್ಲಿ ಒಂದು ಹೋಟೆಲಿತ್ತು. ಹತ್ತೊಂಬತ್ತು ತುಂಬಿದ್ದ ನಾನು ಅಪ್ಪನ ಜೊತೆ ಬಿಟ್ಟು ಹೋಟೆಲಿನ ಮೆಟ್ಟಿಲು ಹತ್ತಿದವಳಲ್ಲ. ಅಪ್ಪನ ಜೊತೆ ಹೋದದ್ದೂ ವರ್ಷಕ್ಕೊಂದು ಸಲ, ಪರೀಕ್ಷೆ ಪಾಸಾದಾಗ. ಒಳಗೆ ಪೂರ್ತಿ ಗಂಡಸರು. ಬಾಗಿಲಲ್ಲೇ ನಿಂತುಬಿಟ್ಟ ನಮ್ಮನ್ನು ನೋಡಿ ವಯಸ್ಸಾದ ಸಪ್ಲಯರ್ ಒಬ್ಬರು ಹಸಿರು ಪರದೆಯತ್ತ ಕೈ ತೋರಿಸಿ, "ಫ್ಯಾಮಿಲಿ ರೂಮ್ ಆ ಕಡೆ ಇದೆ, ಅಮ್ಮಾ" ಎಂದರು.

"ನಾವು ಫ್ಯಾಮಿಲಿ ಅಲ್ಲ ಸಾರ್. ಇಲ್ಲೇ ಕೂರ್ತೀವಿ" ಎಂದು ಶ್ರೀರಾಂಪುರದವಳು ನಡುಮನೆಯಂಥ ಆ ಹಾಲಿನ ಮಧ್ಯದ ಮೇಜಿಗೆ ಹೋಗಿ ಕೂತಳು. ನಾವು ತಲೆ ತಗ್ಗಿಸಿಕೊಂಡು ಹಿಂದೆ ಹೋದೆವು. ಮಸಾಲೆ ದೋಸೆ ಬಂತು. ಅವಳು ದೋಸೆಯನ್ನು ತುದಿಯಿಂದ ಮುರಿಯುತ್ತಿರಲಿಲ್ಲ, ನಡುವಿನ ಪಲ್ಯಕ್ಕೇ ನೇರ ಕೈ ಹಾಕುತ್ತಿದ್ದಳು. ಕೆಂಪು ಚಟ್ನಿಯ ಖಾರಕ್ಕೆ ಮೂಗು ಸುರಿಯುತ್ತಿದ್ದರೂ ನಿಲ್ಲಿಸುತ್ತಿರಲಿಲ್ಲ. ಅವಳು ತಿನ್ನುವುದನ್ನು ನೋಡುತ್ತ ನೋಡುತ್ತ ನನಗೂ ಹಸಿವಾಯಿತು. ಅವತ್ತು ನಾನು ತಿಂದದ್ದನ್ನು ಮನೆಯಲ್ಲಿ ಹೇಳಲಿಲ್ಲ.

ಆಮೇಲೆ ಅದು ದಿನದ ಪದ್ಧತಿಯಾಯಿತು. ಸೋಮವಾರ ಉಪ್ಪಿಟ್ಟು, ಮಂಗಳವಾರ ಖಾಲಿ ದೋಸೆ ಸಾಗು, ಹೀಗೆ ಅವಳೇ ಪಟ್ಟಿ ಮಾಡಿದ್ದಳು. ಕೊನೆಗೆ ಎರಡು ಕಾಫಿ ತರಿಸಿ ಮೂರು ಲೋಟಕ್ಕೆ ಹಂಚಿಕೊಳ್ಳುತ್ತಿದ್ದೆವು. ಸಪ್ಲಯರ್ ನಮ್ಮನ್ನು ಕಂಡರೆ ಕೇಳದೆಯೇ "ಟೂ ಬೈ ತ್ರೀ" ಎಂದು ಒಳಗೆ ಕೂಗಿ ಹೇಳುವಷ್ಟು ನಾವು ಅಲ್ಲಿಯವರಾದೆವು. ಬೆಳಿಗ್ಗೆ ಸಿರಿಂಜು ಹಿಡಿದಾಗ ಕೈ ನಡುಗಿದ್ದು, ನರ ಸಿಗದೆ ರೋಗಿ ಬೈದದ್ದು, ಯಾರದೋ ಸಕ್ಕರೆ ಪರೀಕ್ಷೆಯ ನಳಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದು, ಎಲ್ಲವನ್ನೂ ಅಲ್ಲಿ ಮಾತಾಡಿ ಹಗುರಾಗುತ್ತಿದ್ದೆವು. ನಮ್ಮಮ್ಮನಿಗೆ ಹೇಗೋ ಗೊತ್ತಾಗಿ, "ದಿನಾ ಜೊತೇಲಿ ಕೂತು ತಿಂತೀಯಲ್ಲ, ಯಾವ ಜನವೇ ಅವರು?" ಎಂದು ಕೇಳಿದರು. ನಾನು ಲ್ಯಾಬಿನವರು ಎಂದೆ. ಅಮ್ಮ ಇನ್ನೊಂದು ಸಲ ಕೇಳಲಿಲ್ಲ, ಆದರೆ ಸಂಜೆ ಬಂದ ಕೂಡಲೇ ಸ್ನಾನ ಮಾಡು ಅನ್ನುವುದನ್ನು ಶುರುಮಾಡಿದರು. ಆಸ್ಪತ್ರೆಯ ರೋಗದ ಭಯ ಎಂದು ನಾನು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಎರಡನೇ ತಿಂಗಳಲ್ಲಿ ಶ್ರೀರಾಂಪುರದವಳು ದೋಸೆ ಬಿಡತೊಡಗಿದಳು. ಮೊದಲು ಒಂದು ಮೂಲೆ, ಆಮೇಲೆ ಅರ್ಧ. ತಟ್ಟೆಯನ್ನು ನಮ್ಮ ಕಡೆ ತಳ್ಳಿ, "ನೀವು ತಿನ್ರೇ, ಯಾಕೋ ಎರಡು ತುತ್ತಿಗೇ ಹೊಟ್ಟೆ ತುಂಬ್ದಂಗಾಗತ್ತೆ" ಅನ್ನುವಳು.

"ಮನೇಲಿ ಗಂಡು ನೋಡ್ತಿದಾರೇನೇ? ಸಣ್ಣ ಆಗ್ಬೇಕು ಅಂತಾನಾ?" ಎಂದು ಮಾಗಡಿ ರೇಗಿಸುತ್ತಿದ್ದಳು.

"ಸಣ್ಣ ಆಗೋದು ಎಲ್ಲಿ? ಲಂಗದ ಲಾಡಿ ಕಟ್ಟಕ್ಕೆ ಆಗ್ತಿಲ್ಲ. ಹೊಟ್ಟೆ ಎಡಗಡೆ ಏನೋ ಬಿಗಿ ಬಿಗಿ."

ಗ್ಯಾಸ್ ಎಂದೆವು. ಜೀರಿಗೆ ಕಷಾಯ ಕುಡಿ ಎಂದೆವು. ಅವಳು ಬಿಟ್ಟ ಅರ್ಧ ದೋಸೆಯನ್ನು ನಾನೂ ಮಾಗಡಿಯೂ ಕಿತ್ತಾಡಿಕೊಂಡು ತಿಂದೆವು. ನಾವು ಮೂವರೂ ಆಸ್ಪತ್ರೆಯಲ್ಲಿ ಕೆಲಸ ಕಲಿಯುತ್ತಿದ್ದೆವು, ಮೂವರೂ ಅದೇ ಪುಸ್ತಕ ಓದಿದ್ದೆವು. ಯಾರಿಗೂ ಏನೂ ಹೊಳೆಯಲಿಲ್ಲ.

ತರಬೇತಿಯ ಮೂರನೇ ತಿಂಗಳ ಒಂದು ಗುರುವಾರ ರೋಗಿಗಳು ಕಡಿಮೆ ಇದ್ದರು. ಲ್ಯಾಬಿನ ಹಿರಿಯ ಟೆಕ್ನಿಷಿಯನ್, ಇಪ್ಪತ್ತೈದು ವರ್ಷ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಬಗ್ಗಿಯೇ ಬೆನ್ನು ಗೂನಾಗಿದ್ದವರು, ನಮ್ಮನ್ನು ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ. "ಒಬ್ಬರ ಬೆರಳು ಒಬ್ಬರು ಚುಚ್ಕೊಂಡು ಬಿಳಿ ಕಣ ಎಣಿಸಿ" ಎಂದರು. ಮಾಗಡಿ ನನ್ನ ಬೆರಳು ಚುಚ್ಚಿದಳು, ನಾನು ಶ್ರೀರಾಂಪುರದವಳದ್ದು. ಗಾಜಿನ ಮೇಲೆ ಒಂದು ಹನಿ ಎಳೆದು, ಒಣಗಿಸಿ, ಬಣ್ಣ ಹಾಕಿ, ತೊಳೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ.

ಸಾಮಾನ್ಯ ರಕ್ತದಲ್ಲಿ ಬಿಳಿ ಕಣಗಳನ್ನು ಹುಡುಕಬೇಕು. ಕೆಂಪು ಕಣಗಳ ನಡುವೆ ಅಲ್ಲೊಂದು ಇಲ್ಲೊಂದು ನೇರಳೆ ಚುಕ್ಕೆ. ನನ್ನ ಕಣ್ಣಿಗೆ ಬಿದ್ದದ್ದು ಸಂತೆ. ಗಾಜನ್ನು ಎತ್ತ ಸರಿಸಿದರೂ ನೇರಳೆ, ಬೆಳೆದವು, ಅರೆಬೆಳೆದವು, ತೀರಾ ಎಳೆಯವು, ಒಂದಕ್ಕೊಂದು ಒತ್ತಿಕೊಂಡು. ಬಣ್ಣ ಹೆಚ್ಚಾಗಿರಬೇಕು ಅಂದುಕೊಂಡೆ. ಅವಳನ್ನು ಕರೆದು ಇನ್ನೊಂದು ಬೆರಳು ಚುಚ್ಚಿದೆ.

"ಒಂದು ಸ್ಲೈಡ್ ಮಾಡಕ್ಕೆ ಎಷ್ಟು ಸಲ ಚುಚ್ತೀಯೇ, ರಾಕ್ಷಸಿ?" ಎಂದು ಅವಳು ನಕ್ಕಳು.

ಎರಡನೆಯದೂ ಹಾಗೇ ಇತ್ತು. ನಾನು ಎದ್ದು ಹೋಗಿ ಹಿರಿಯರನ್ನು ಕರೆದೆ. ಅವರು ನಿಂತೇ ಬಗ್ಗಿ ನೋಡಿದರು, ಆಮೇಲೆ ಸ್ಟೂಲು ಎಳೆದುಕೊಂಡು ಕೂತು ನೋಡಿದರು.

"ಇದು ಯಾವ ವಾರ್ಡಿಂದು?"

ವಾರ್ಡಿನದಲ್ಲ ಎಂದು ನಾನು ಮೆಲ್ಲಗೆ ಹೇಳಿ, ಕಿಟಕಿಯ ಹತ್ತಿರ ಪಿಪೆಟ್ಟು ತೊಳೆಯುತ್ತ ಮಾಗಡಿಯ ಜೊತೆ ಏನೋ ಹರಟುತ್ತಿದ್ದ ಅವಳ ಕಡೆ ನೋಡಿದೆ. ಅವರೂ ನೋಡಿದರು. ಕನ್ನಡಕ ತೆಗೆದು ಕೋಟಿನ ಅಂಚಿನಿಂದ ಒರೆಸಿದರು.

"ಡಾಕ್ಟರು ಸೋಮವಾರ ಬರ್ತಾರೆ. ಅಲ್ಲೀ ತನಕ ಬಾಯಿ ಬಿಡ್ಬೇಡಮ್ಮ. ಇದು ನಾವು ಹೇಳೋ ವಿಷಯ ಅಲ್ಲ. ನಾವು ಎಣಿಸೋರು ಅಷ್ಟೆ."

"ಅದೇನಾ ಸರ್?"

"ಡಾಕ್ಟರು ಬರ್ಲಿ" ಎಂದರು. ಸ್ಲೈಡುಗಳನ್ನು ಕಾಗದದಲ್ಲಿ ಸುತ್ತಿ ತಮ್ಮ ಡ್ರಾಯರಿನಲ್ಲಿಟ್ಟುಕೊಂಡರು.

ಅವತ್ತೂ ಮಾರನೆಯ ದಿನವೂ ತಿಂಡಿಗೆ ಹೋದೆವು. ಶುಕ್ರವಾರ ನಾನು ತಲೆ ಎತ್ತದೆ ತಟ್ಟೆಯಲ್ಲಿ ಇಡ್ಲಿ ಮುರಿಯುತ್ತ ಕೂತೆ. ತಲೆನೋವು ಎಂದೆ. ತಿಂಡಿ ಮುಗಿಸಿ ಬಂದ ಮೇಲೆ ನನ್ನನ್ನು ವಾರ್ಡಿಗೆ ರಕ್ತ ತರಲು ಕಳಿಸಿದರು, ಸಂಜೆಯ ತನಕ ಅಲ್ಲೇ ಉಳಿದೆ. ಅವಳ ಮುಖ ನೋಡುವುದು ತಪ್ಪಿತಲ್ಲ ಎಂದು ಸಮಾಧಾನವಾಯಿತು.

ಶನಿವಾರ ಅರ್ಧ ದಿನ. ಗಾಂಧಿ ಬಜಾರಿನ ಹೋಟೆಲಿಗೆ ಹೋಗುವುದೆಂದು ವಾರದ ಮೊದಲೇ ನಿಶ್ಚಯವಾಗಿತ್ತು. ಮಾಗಡಿ ಆ ಕಡೆ ಹೋದವಳೇ ಅಲ್ಲ. ಅವಳು ಅವತ್ತು ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದು, ಹೊಸ ದಾವಣಿ ಹಾಕಿಕೊಂಡು ಬಂದಿದ್ದಳು. ನಾನು ಬರಲ್ಲ ಎಂದೆ. ಶ್ರೀರಾಂಪುರದವಳು ನನ್ನ ಮಣಿಕಟ್ಟು ಹಿಡಿದು, "ನೀನು ಬರ್ಲೇಬೇಕು. ನೀನಿಲ್ದೆ ಹೆಂಗಾಗತ್ತೆ?" ಎಂದಳು. ಬುಲ್ ಟೆಂಪಲ್ ರಸ್ತೆಯಲ್ಲಿ ಮೂವರೂ ನಡೆದುಕೊಂಡು ಹೋದೆವು. ಅವಳು ಎರಡು ಕಡೆ ನಿಂತು ಸುಧಾರಿಸಿಕೊಂಡಳು. ಹೂವಿನವಳ ಹತ್ತಿರ ಕನಕಾಂಬರ ಕೊಂಡು ಮಾಗಡಿಗೆ ತಾನೇ ಮುಡಿಸಿದಳು.

ಹೋಟೆಲು ಕಿಕ್ಕಿರಿದಿತ್ತು. ತಿನ್ನುತ್ತಿದ್ದವರ ಕುರ್ಚಿಯ ಹಿಂದೆ ನಿಂತು ಕಾದು ಜಾಗ ಹಿಡಿದೆವು. ಅವಳು ಯಾವತ್ತೂ ಇಲ್ಲದ ಹಾಗೆ ಎಲ್ಲವನ್ನೂ ಹೇಳಿದಳು: ರವೆ ಇಡ್ಲಿ, ಮಸಾಲೆ ದೋಸೆ, ಉದ್ದಿನ ವಡೆ, ಕೇಸರಿಬಾತು. ಒಂದೊಂದರಲ್ಲೂ ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದು, ತಟ್ಟೆಯನ್ನು ಮಾಗಡಿಯ ಮುಂದೆ ಸರಿಸುತ್ತಿದ್ದಳು. ಮಾಗಡಿ ಉತ್ಸಾಹದಲ್ಲಿದ್ದಳು. ಅವರೂರಿಗೆ ಬಂದ ಚುಚ್ಚುಮದ್ದಿನವರಿಗೆ ಹೆದರಿ ಅವಳ ಅಜ್ಜಿ ರಾಗಿ ಕಣಜದಲ್ಲಿ ಅಡಗಿ ಕೂತ ಕಥೆ ಹೇಳಿದಳು. ಕೊನೆಗೆ ಆ ಚುಚ್ಚುಮದ್ದು ದನಗಳಿಗೆ ಎಂದು ಗೊತ್ತಾಯಿತಂತೆ. ಹೇಳುತ್ತ ತಾನೇ ನಕ್ಕು ನಕ್ಕು ಕಾಫಿ ನೆತ್ತಿಗೆ ಹತ್ತಿತು. ಪಕ್ಕದ ಮೇಜಿನ ಪಂಚೆಯ ಯಜಮಾನರು ಕೂಡ ನಕ್ಕರು. ಶ್ರೀರಾಂಪುರದವಳು ನಗುತ್ತ ಅವಳ ನೆತ್ತಿ ತಟ್ಟಿದಳು.

ಆಮೇಲೆ ನನ್ನ ಕಡೆ ತಿರುಗಿ, ಹಾಗೇ ಸುಮ್ಮನೆ ಕೇಳುವಂತೆ, "ಅವತ್ತು ನನ್ನ ಸ್ಲೈಡ್ ಏನಾಯ್ತೇ?" ಎಂದಳು.

"ಬಣ್ಣ ಸರಿ ಬರ್ಲಿಲ್ಲ. ನೀಲಿ ಜಾಸ್ತಿ ಆಗೋಯ್ತು."

"ಎರಡೂನಾ?"

"ಎರಡೂ."

"ಹೌದಾ?" ಎಂದಳು. ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ನಾನು ಸಾಂಬಾರಿನಲ್ಲಿ ವಡೆ ಮುಳುಗಿಸುತ್ತ ಕೂತೆ.  ಮಾಗಡಿ ಇನ್ನೊಂದು ರವೆ ಇಡ್ಲಿ ತರಿಸಲೇ ಎಂದು ಕೇಳಿದಾಗ ಅವಳು, "ತರಿಸ್ಕೋ, ತಿನ್ನು, ನೀನು ತಿನ್ನೋದು ನೋಡಕ್ಕೆ ಚೆಂದ" ಎಂದಳು.

ಭಾನುವಾರ ಮನೆಯಲ್ಲಿ ಪುಸ್ತಕ ತೆಗೆದೆ. ಬಿಳಿ ಕಣಗಳ ಆ ರಕ್ತ ಕ್ಯಾನ್ಸರಿಗೆ ಒಂದೂವರೆ ಪುಟ ಮೀಸಲಿಟ್ಟಿದ್ದರು. ಗುಲ್ಮ ಊದಿಕೊಂಡು ಹೊಟ್ಟೆಯ ಎಡಭಾಗ ಬಿಗಿಯಾಗುತ್ತದೆ, ಜಠರವನ್ನು ಒತ್ತುವುದರಿಂದ ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುತ್ತದೆ ಎಂದಿತ್ತು. ಪರೀಕ್ಷೆಗೆಂದು ಆ ಸಾಲಿನ ಕೆಳಗೆ ನಾನೇ ಪೆನ್ಸಿಲಿನಿಂದ ಗೆರೆ ಎಳೆದಿದ್ದೆ. ಕೊನೆಯ ಸಾಲಿನ ತನಕ ಓದಿ ಪುಸ್ತಕವನ್ನು ಬಟ್ಟೆಗಳ ಕೆಳಗಿಟ್ಟೆ. 

ಸೋಮವಾರ ಮಾಗಡಿ ಇರಲಿಲ್ಲ, ಚಿಕ್ಕಪ್ಪನ ಮಗಳ ನಿಶ್ಚಿತಾರ್ಥಕ್ಕೆ ಊರಿಗೆ ಹೋಗಿದ್ದಳು. ಡಾಕ್ಟರು ಬಂದ ಕೂಡಲೇ ಹಿರಿಯರು ಡ್ರಾಯರಿನಿಂದ ಸ್ಲೈಡುಗಳನ್ನು ತೆಗೆದುಕೊಂಡು ಒಳಗೆ ಹೋದರು. ಆಮೇಲೆ ಅವಳನ್ನು ಕರೆದರು. ಅರ್ಧ ಗಂಟೆಯ ಮೇಲೆ ಅವಳು ಒಂದು ಚೀಟಿ ಹಿಡಿದುಕೊಂಡು ಹೊರಗೆ ಬಂದಳು. ಹೊಸೂರು ರಸ್ತೆಯ ದೊಡ್ಡ ಆಸ್ಪತ್ರೆಗೆ ಬರೆದ ಚೀಟಿ. ನಾನು ಎದ್ದು ನಿಂತೆ. ಏನು ಮಾಡಬೇಕೆಂದು ತಿಳಿಯದೆ ಕೈ ಚಾಚಿದೆ.

"ನಡಿ, ಟೈಮಾಯ್ತು, ತಿಂಡಿಗೆ ಹೋಗೋಣ" ಎಂದಳು.

ಹೋಟೆಲಿನಲ್ಲಿ ಅದೇ ಮೇಜು. ಸಪ್ಲಯರ್ ಬಂದು, "ಇನ್ನೊಬ್ರು ಎಲ್ಲಿ ಅಮ್ಮಾ?" ಎಂದು ಕೇಳಿ ನೀರಿಟ್ಟು ಹೋದರು. ಅವಳು ಲೋಟದ ನೀರನ್ನೇ ನೋಡುತ್ತ ಹೇಳಿದಳು:

"ಶುಕ್ರವಾರವೇ ನೋಡಿದ್ದೆ ಕಣೇ."

ನನಗೆ ಅರ್ಥವಾಗಲಿಲ್ಲ.

"ನೀನು ಎರಡ್ ಸಲ ಚುಚ್ಚಿದ್ಯಲ್ಲ, ಆಮೇಲೆ ತಟ್ಟೆ ನೋಡ್ಕೊಂಡು ತಿನ್ನಕ್ಕೆ ಶುರು ಮಾಡ್ದೆ. ಅನುಮಾನ ಬಂತು. ನೀನು ವಾರ್ಡಿಗೆ ಹೋದಾಗ ನಾನೇ ಒಂದು ಸ್ಲೈಡ್ ಮಾಡ್ಕೊಂಡೆ. ಬಣ್ಣ ಚೆನ್ನಾಗೇ ಬಂದಿತ್ತು."

"ಸರ್ ಹೇಳ್ಬೇಡ ಅಂದಿದ್ರು…"

"ಗೊತ್ತು. ಅವರು ಹಾಗೇ ಹೇಳ್ಬೇಕು. ನೀನು ಹೇಳ್ತೀಯೇನೋ ಅಂದ್ಕೊಂಡೆ. ಶನಿವಾರ ಪೂರ್ತಿ ಕಾದೆ. ಅದಕ್ಕೇ ನಿನ್ನ ಎಳ್ಕೊಂಡು ಹೋಗಿದ್ದು." ಅವಳ ದನಿ ಏರಲಿಲ್ಲ. "ಅಷ್ಟೊಂದು ದೊಡ್ಡ ವಿಷಯ ಒಬ್ಳೇ ಇಟ್ಕೊಂಡು ಕೂತಿದ್ದೆ. ಎದುರಿಗೆ ಕೂತಿರೋ ನೀನೂ ಅದನ್ನೇ ಇಟ್ಕೊಂಡಿದ್ದೆ. ಬಾಯಿ ಬಿಟ್ಟು ಒಂದು ಮಾತು ಅಂದಿದ್ರೆ ಜೊತೇಲಾದ್ರೂ ಅಳಬಹುದಿತ್ತು."

ನಾನು ಅತ್ತೆ. ಅವಳು ಅಳಲಿಲ್ಲ. ಉಪ್ಪಿಟ್ಟು ಬಂತು. ಅವಳು ಮೂರು ಚಮಚ ತಿಂದು ತಟ್ಟೆ ಬಿಟ್ಟಳು. ಈ ಸಲ ನನ್ನ ಕಡೆ ತಳ್ಳಲಿಲ್ಲ.

ತರಬೇತಿ ಮುಗಿಸಿದಳು, ಪರೀಕ್ಷೆ ಬರೆದಳು, ಪಾಸೂ ಆದಳು. ಮಾತ್ರೆಗಳಿಗೆ ಕಾಯಿಲೆ ತಗ್ಗಿತು. ಮುಖ ಸ್ವಲ್ಪ ಕಪ್ಪಾಯಿತು, ಅಷ್ಟೆ. ಮಲ್ಲೇಶ್ವರದ ಒಂದು ಖಾಸಗಿ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ತನ್ನ ರಕ್ತವನ್ನು ಎರಡು ವಾರಕ್ಕೊಮ್ಮೆ ತಾನೇ ಎಣಿಸಿ ಬರೆದಿಟ್ಟುಕೊಂಡು ಹೊಸೂರು ರಸ್ತೆಯ ಡಾಕ್ಟರಿಗೆ ತೋರಿಸುತ್ತಿದ್ದಳು. ಮೊದಲ ವರ್ಷ ನಾವು ಮೂವರೂ ಮಲ್ಲೇಶ್ವರದಲ್ಲಿ ಆಗಾಗ ಸೇರಿ ತಿಂಡಿ ತಿಂದೆವು. ಮಾಗಡಿಗೆ ಕಾಯಿಲೆಯ ವಿಷಯ ಅವಳೇ ಹೇಳಿದ್ದಳು, ಆದರೆ ಶುಕ್ರವಾರ ಶನಿವಾರದ ಮಾತು ನಮ್ಮಿಬ್ಬರ ನಡುವೆಯೇ ಉಳಿಯಿತು. ಅವಳು ನನ್ನ ಜೊತೆ ಸಿಟ್ಟು ಮಾಡಲಿಲ್ಲ, ಮಾತು ಬಿಡಲಿಲ್ಲ. ಹೊಸ ಸೀರೆ, ಬಸ್ಸಿನ ನೂಕುನುಗ್ಗಲು, ಲ್ಯಾಬಿನ ಯಜಮಾನನ ಜಿಪುಣತನ, ಎಲ್ಲ ಹೇಳುವಳು. ತನ್ನ ಎಣಿಕೆ ಎಷ್ಟು ಬಂತು ಎನ್ನುವುದನ್ನು ಮಾತ್ರ ಮಾಗಡಿಗೆ ಹೇಳುವಳು, ನನಗಲ್ಲ.

ಒಮ್ಮೆ ಅವರ ಮನೆಗೆ ಗಂಡಿನ ಕಡೆಯವರು ಬಂದಿದ್ದರಂತೆ. ಕಾಫಿ ತಟ್ಟೆ ಹಿಡಿದು ಬಂದವಳು ತಟ್ಟೆ ಕೆಳಗಿಟ್ಟು, ತನಗೆ ಏನಾಗಿದೆ, ಎಷ್ಟು ದಿನ ಇರಬಹುದು ಎಂಬುದನ್ನು ಹುಡುಗನ ಅಮ್ಮನ ಮುಂದೆ ನೇರವಾಗಿ ಹೇಳಿಬಿಟ್ಟಳಂತೆ. ಅಪ್ಪ ಒಂದು ತಿಂಗಳು ಅವಳನ್ನು ಮಾತಾಡಿಸಲಿಲ್ಲ. "ಹೇಳ್ದೆ ಕೂತಿದ್ರೆ ಆ ಹೆಂಗಸು ಆಮೇಲೆ ನನ್ನ ಮುಖ ಹೆಂಗೆ ನೋಡ್ತಿದ್ರು?" ಎಂದಳು. ಅದನ್ನು ಹೇಳುವಾಗ ನನ್ನ ಕಡೆ ನೋಡಲಿಲ್ಲ. ನೋಡಲಿಲ್ಲ ಎನ್ನುವುದೇ ನನಗೆ ತಾಗಿತು.

ಮಾಗಡಿ ಮದುವೆಯಾಗಿ ಊರಿಗೆ ಹೋದಳು. ನನಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಮಲ್ಲೇಶ್ವರಕ್ಕೆ ಹೋಗುವುದು ತಿಂಗಳಿಗೊಮ್ಮೆ ಆಯಿತು, ಆಮೇಲೆ ಹಬ್ಬಕ್ಕೊಮ್ಮೆ. ಕೆಲಸ ಜಾಸ್ತಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜವೆಂದರೆ ಅವಳೆದುರು ಕೂತು ತಿನ್ನುವುದು ನನ್ನಿಂದ ಆಗುತ್ತಿರಲಿಲ್ಲ. ನಾಲ್ಕನೇ ವರ್ಷ ಕಾಯಿಲೆ ಮಾತ್ರೆಯ ಹಿಡಿತಕ್ಕೆ ಬರಲಿಲ್ಲ. ಎಳೆಯ ಕಣಗಳು ಒಂದೇ ಸಮನೆ ಏರಿದವು. ಅದನ್ನೂ ಅವಳೇ ಮೊದಲು ನೋಡಿದ್ದು. ರಜೆ ಚೀಟಿ ಬರೆದಿಟ್ಟು, ಸೂಕ್ಷ್ಮದರ್ಶಕಕ್ಕೆ ಬಟ್ಟೆ ಮುಚ್ಚಿ ಮನೆಗೆ ಹೋದಳಂತೆ. ನಾನು ಆಸ್ಪತ್ರೆಗೆ ಹೋದಾಗ ಅವಳ ಬಾಯಿ ತುಂಬ ಹುಣ್ಣು, ನೀರು ಕೂಡ ಇಳಿಯುತ್ತಿರಲಿಲ್ಲ. ಕಣ್ಣು ಬಿಟ್ಟು ನನ್ನನ್ನು ಗುರುತಿಸಿ, ಕೂತ್ಕೋ ಎಂದು ಬೆರಳಿನಿಂದ ಸ್ಟೂಲು ತೋರಿಸಿದಳು. ಹತ್ತು ದಿನದ ಮೇಲೆ ಹೋಗಿಬಿಟ್ಟಳು.

ಸುದ್ದಿ ತಿಳಿದು ಮಾಗಡಿ ಕೈಗೂಸು ಎತ್ತಿಕೊಂಡು ಬಂದಳು. ಇಬ್ಬರೂ ಶ್ರೀರಾಂಪುರದ ಮನೆಗೆ ಹೋದೆವು. ಎರಡು ಕೋಣೆಯ ಮನೆ, ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಪಕ್ಕದಲ್ಲಿ ಬಿಳಿ ಕೋಟಿನಲ್ಲಿ ಅವಳ ಫೋಟೋ. ಅಷ್ಟು ವರ್ಷದಲ್ಲಿ ನಾನು ಆ ಮನೆಗೆ ಹೋದದ್ದು ಅದೇ ಮೊದಲು. ಅವಳಮ್ಮ ನಮ್ಮಿಬ್ಬರ ಕೈ ಹಿಡಿದುಕೊಂಡು, "ನಿಮ್ಮ ಜೊತೆ ತಿಂದಿದ್ದೇ ತಿಂದಿದ್ದು ಕಣವ್ವ, ಮನೇಲಿ ಬಂದು ದಿನಾ ಹೇಳೋಳು, ಇವತ್ತು ಅದು ತಿಂದ್ವಿ, ಇದು ತಿಂದ್ವಿ ಅಂತ" ಎಂದು ಬಿಕ್ಕಿದರು. ಅಪ್ಪ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು, ಒಳಗೆ ಬರಲೇ ಇಲ್ಲ.

ಮೆಜೆಸ್ಟಿಕ್ ತನಕ ಮಾಗಡಿಯ ಜೊತೆ ಬಂದೆ. ಅವಳ ಬಸ್ಸಿಗೆ ಇನ್ನೂ ಹೊತ್ತಿತ್ತು. ಉಪ್ಪಾರಪೇಟೆಯ ಒಂದು ಹೋಟೆಲಿನಲ್ಲಿ ಮಗುವಿಗೆ ಹಾಲು ಕುಡಿಸಲೆಂದು ಕೂತೆವು. ಮಗು ಮಲಗಿತು. ಮಾಗಡಿ ಕಣ್ಣೊರೆಸಿಕೊಂಡು ಹೇಳಿದಳು:

"ಒಂದೇ ಒಂದು ಸಮಾಧಾನ ಕಣೇ. ಗಾಂಧಿ ಬಜಾರಿಗೆ ಹೋಗಿದ್ವಲ್ಲ, ಆ ಶನಿವಾರ. ಎರಡು ದಿನ ಬಿಟ್ಟು ಗೊತ್ತಾಯ್ತು. ಆದ್ರೆ ಅವತ್ತು ಏನೂ ಗೊತ್ತಿರ್ಲಿಲ್ಲ, ಮೂರು ಜನಾನೂ ಎಷ್ಟು ಖುಷಿಯಾಗಿದ್ವಿ. ನನಗೆ ಹೂವು ಮುಡಿಸಿದ್ಲು. ಮದುವೆ ದಿನಾನೂ ನಾನು ಅಷ್ಟು ನಗ್ಲಿಲ್ಲ. ಊರಲ್ಲಿ ಬೇಜಾರಾದಾಗೆಲ್ಲ ಅದನ್ನೇ ನೆನೆಸ್ಕೋತೀನಿ."

ನಾನು ಸುಮ್ಮನಿರಬಹುದಿತ್ತು. ಆದರೆ ನಾಲ್ಕು ವರ್ಷ ಹೊತ್ತುಕೊಂಡು ತಿರುಗಿದ್ದೆ. ಒಬ್ಬಳ ಹತ್ತಿರ ಬಾಯಿ ಬಿಡದೆ ಏನಾಯಿತೆಂದು ನೋಡಿದ್ದೆ. ಇವಳ ಹತ್ತಿರವಾದರೂ ಮುಚ್ಚಿಡಬಾರದು ಅನ್ನಿಸಿತು. ಗುರುವಾರದ ಸ್ಲೈಡಿನಿಂದ ಹಿಡಿದು ಸೋಮವಾರದ ಉಪ್ಪಿಟ್ಟಿನ ತನಕ ಎಲ್ಲವನ್ನೂ ಹೇಳಿದೆ.

ಮಾಗಡಿ ಪೂರ್ತಿ ಕೇಳಿಸಿಕೊಂಡಳು. ಮಗುವಿನ ತಲೆಯ ಮೇಲಿದ್ದ ಅವಳ ಕೈ ಅಲ್ಲೇ ನಿಂತಿತ್ತು.

"ಅಂದ್ರೆ ನಿಮ್ಮಿಬ್ರಿಗೂ ಗೊತ್ತಿತ್ತು" ಎಂದಳು.

"ಹೂಂ."

"ನಾನೊಬ್ಳೇ ನಗ್ತಾ ಇದ್ದಿದ್ದು."

"ಹಾಗಲ್ಲ ಕಣೇ. ಅವಳಿಗೂ ನೀನು ನಗೋದು…"

"ಅಜ್ಜಿ ಕಥೆ ಹೇಳ್ದೆ. ಇನ್ನೊಂದು ರವೆ ಇಡ್ಲಿ ತರಿಸ್ಕೊಂಡೆ. ನೀವಿಬ್ರೂ ನನ್ನ ನೋಡ್ತಾ ಕೂತಿದ್ರಿ." ಅವಳು ಮಗುವಿನ ಹೊದಿಕೆ ಎಳೆದು ಸರಿಮಾಡಿದಳು. "ಅವಳು ಹೇಳ್ದೆ ಹೋದ್ಲಲ್ಲ. ಸಾಯೋ ತನಕ ಹೇಳ್ಲಿಲ್ಲ. ನೀನು ಯಾಕೆ ಹೇಳ್ದೆ?"

 ಕಾಫಿ ಆರಿ ಕೆನೆ ಕಟ್ಟಿತ್ತು, ಇಬ್ಬರೂ ಮುಟ್ಟಲಿಲ್ಲ. ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. ಚೀಲ ನಾನು ಹಿಡಿದುಕೊಳ್ಳಲು ಹೋದೆ, "ಬೇಡ, ಇರ್ಲಿ" ಎಂದು ತಾನೇ ತೆಗೆದುಕೊಂಡಳು. ಬಸ್ಸಿನಲ್ಲಿ ಆ ಕಡೆಯ ಕಿಟಕಿಯ ಹತ್ತಿರ ಜಾಗ ಸಿಕ್ಕಿತು ಅವಳಿಗೆ. ನಾನು ಸುತ್ತಿ ಹೋಗಿ ಆ ಕಡೆ ನಿಲ್ಲುವಷ್ಟರಲ್ಲಿ ಬಸ್ಸು ಹೊರಟಿತು. ಆಮೇಲೆ ಎರಡು ಕಾಗದ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ.